ಸಿಕ್ತಪ್ಪನ ದವಡೆ

ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೆ ಬರುವ ಫೋನು ಒಳ್ಳೆಯ ಸುದ್ದಿ ತರುವುದಿಲ್ಲ ಎಂದು ಸಿಕ್ತಪ್ಪ ನಂಬಿದ್ದ. ಅವತ್ತು ಬಂದದ್ದು ಒಳ್ಳೆಯ ಸುದ್ದಿಯೇ. ತೊಂದರೆ ಶುರುವಾದದ್ದೂ ಅದರಿಂದಲೇ.

"ಸರ್, ಹಲ್ಲಿನ ಕ್ಲಿನಿಕ್ಕಿಂದ ಮಾತಾಡ್ತಿದೀನಿ. ನೀವು ತಂತಿ ಬಿಚ್ಚಿಸ್ಕೊಂಡು ಹತ್ತು ವರ್ಷ ಆಯ್ತಂತೆ. ಇವತ್ತು ಊಟ ಆದ್ಮೇಲೆ ಡಾಕ್ಟರ್‌ಗಳದ್ದು ದೊಡ್ಡ ಸಭೆ ಇದೆ. ನಮ್ಮ ಡಾಕ್ಟ್ರು ನಿಮ್ಮ ಬಾಯಿ ತೋರಿಸಿ ಭಾಷಣ ಮಾಡ್ತಾರೆ. ನೀವು ಬರ್ಲೇಬೇಕು."

ಸಿಕ್ತಪ್ಪ ಬಾಯಲ್ಲಿದ್ದ ನೊರೆ ಉಗಿದು ಕೇಳಿದ. "ನನ್ನ ಬಾಯಲ್ಲಿ ತೋರ್ಸೋದಕ್ಕೆ ಏನಮ್ಮ ಇದೆ?"

"ಅಷ್ಟು ಕಷ್ಟದ ಕೇಸು, ಇಷ್ಟು ವರ್ಷ ಆದ್ರೂ ಕದಲ್ದೆ ನಿಂತಿದೆ ಅಂತ ತೋರಿಸ್ಬೇಕಂತೆ. ಮೊದ್ಲು ನೋಡೋದಿಲ್ವಂತೆ, ಎಲ್ಲರ ಮುಂದೇನೇ ನೋಡ್ತಾರಂತೆ. ಒಳಗೇ ಸರಿ ಮಾಡ್ಕೊಂಡು ಬಂದ್ರು ಅಂತ ಯಾರೂ ಅನ್ಬಾರ್ದಲ್ಲ. ಆಮೇಲೆ ನಿಮ್ಮ ಮಗಳ ವಿಷ್ಯ ಕೇಳಿದ್ರಲ್ಲ, ಅದನ್ನೂ ಇವತ್ತೇ ಹೇಳ್ತಾರಂತೆ. ಅಪ್ಪನ ಬಾಯಿ ನಿಂತಿದ್ರೆ ಮಗಳನ್ನ ತಗೋತಾರೆ. ಇಲ್ದಿದ್ರೆ ಇಲ್ಲ."

ಫೋನು ಇಟ್ಟ ಮೇಲೆ ಸಿಕ್ತಪ್ಪ ಕನ್ನಡಿ ನೋಡಿಕೊಂಡ. ಮೇಲಿನ ಸಾಲಿನಲ್ಲಿ, ಮುಂದಿನ ಹಲ್ಲಿನ ಪಕ್ಕದ್ದೊಂದು, ಮೆರವಣಿಗೆಯಲ್ಲಿ ಹೆಜ್ಜೆ ತಪ್ಪಿದವನ ಹಾಗೆ ಓರೆಯಾಗಿ ನಿಂತಿತ್ತು. ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಅದು ಕೇಳಲಿಲ್ಲ.

ಸಿಕ್ತಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಬಸ್ ನಿಲ್ದಾಣದಲ್ಲಿ ಪ್ರಯಾಣಿಕರು ಮರೆತುಹೋದ ಸಾಮಾನುಗಳ ಕೌಂಟರಿನಲ್ಲಿ ಅವನಿಗೆ ಕೆಲಸ. ಯಾರಾದರೂ ಬಂದು ಕೊಡೆಯನ್ನೋ ಕನ್ನಡಕವನ್ನೋ ಕೇಳಿದರೆ ಕಪಾಟಿನ ಸಂದಿಗೆ ತಲೆ ತೂರಿಸಿ ಹುಡುಕಿ, ಒಳಗಿಂದಲೇ "ಸಿಕ್ತಪ್ಪಾ" ಎನ್ನುವುದು ರೂಢಿ. ಆ ಕೂಗೇ ಹೆಸರಾಗಿ ನಿಂತುಬಿಟ್ಟಿತು. ಈಗ ಸಂಬಳದ ಚೀಟಿಯಲ್ಲಿ ನಿಜವಾದ ಹೆಸರು ಕಂಡರೆ ಇದ್ಯಾರು ಎಂದು ಅವನೇ ಒಂದು ಗಳಿಗೆ ಯೋಚಿಸುತ್ತಾನೆ.

ದವಡೆ ಮಾತ್ರ ಹೆತ್ತವರೇ ಕೊಟ್ಟದ್ದು. ಕೆಳಗಿನದು ಮೇಲಿನದಕ್ಕಿಂತ ಮುಂದೆ, ಹಲ್ಲುಗಳೋ ಜಾಗ ಸಾಲದೆ ಒಂದರ ಮೇಲೊಂದು. ನೋಡಿದ ಡಾಕ್ಟರುಗಳೆಲ್ಲ ದವಡೆಯ ಮೂಳೆ ಕೊಯ್ದು ಹಿಂದಕ್ಕೆ ತಳ್ಳಬೇಕು, ಬೇರೆ ದಾರಿಯಿಲ್ಲ ಎಂದಿದ್ದರು. ಊರಿನಲ್ಲಿ ತಂತಿ ಡಾಕ್ಟರು ಎಂದೇ ಹೆಸರಾದವರೊಬ್ಬರು ಮಾತ್ರ "ಕೊಯ್ಯೋದ್ಯಾಕೆ, ನಾನಿದೀನಿ" ಎಂದು ಮೇಲೆರಡು ಕೆಳಗೆರಡು ಹಲ್ಲು ಕಿತ್ತು ಜಾಗ ಮಾಡಿ, ಉಳಿದವನ್ನು ತಂತಿಯಲ್ಲಿ ಎಳೆದೆಳೆದು, ವರ್ಷಗಟ್ಟಲೆ ಹೆಣಗಿ ಮುಖವನ್ನು ಮುಖದ ಹಾಗೆ ಮಾಡಿದ್ದರು. ತಂತಿ ಬಿಚ್ಚಿದ ದಿನ ಹಲ್ಲನ್ನು ಜಾಗದಲ್ಲೇ ಹಿಡಿದಿಡುವ ರಿಟೇನರ್ ಎನ್ನುವ ಕ್ಲಿಪ್ಪೊಂದನ್ನು ಕೈಗಿಟ್ಟು, "ಹಲ್ಲಿಗೆ ತವರಿನ ನೆನಪು ಜಾಸ್ತಿ, ಬಿಟ್ರೆ ವಾಪಸ್ ಓಡುತ್ತೆ. ಇದನ್ನ ಬಾಯಲ್ಲಿಟ್ಕೊಂಡಷ್ಟು ದಿನ ನಿಲ್ಲುತ್ತೆ" ಎಂದಿದ್ದರು.

ಆ ರಿಟೇನರ್ ವಾರವೂ ಬಾಳಲಿಲ್ಲ. ಹೋಟೆಲಿನಲ್ಲಿ ಊಟಕ್ಕೆ ಕೂತಾಗ ಬಾಯಿಂದ ತೆಗೆದು ಕಾಗದದಲ್ಲಿ ಸುತ್ತಿ ತಟ್ಟೆಯ ಪಕ್ಕ ಇಟ್ಟಿದ್ದ. ಮೇಜು ಒರೆಸುವವನು ತಟ್ಟೆಯ ಜೊತೆಗೆ ಅದನ್ನೂ ಬಳಿದುಕೊಂಡು ಹೋದ. ಊರಿನವರು ಕಳೆದುಕೊಂಡದ್ದನ್ನೆಲ್ಲ ಹುಡುಕಿಕೊಡುವ ಸಿಕ್ತಪ್ಪನಿಗೆ ತನ್ನದು ಸಿಗಲಿಲ್ಲ. ಬೈಸಿಕೊಳ್ಳುವ ಹೆದರಿಕೆಗೆ ಡಾಕ್ಟರ ಕಡೆ ತಲೆಯೂ ಹಾಕಲಿಲ್ಲ. ವರ್ಷ ಕಳೆದ ಮೇಲೆ ಹೆಂಡತಿ ಯಾವುದೋ ಫೋಟೋ ನೋಡುತ್ತ, "ರೀ, ಇದೇನು ಈ ಹಲ್ಲು ಓರೆ" ಎಂದಳು. ಅಂದಿನಿಂದ ಆ ಹಲ್ಲು ಸಂಸಾರದಲ್ಲಿ ನಾಲ್ಕನೆಯ ಸದಸ್ಯನಾಯಿತು. ಹಾಲು ಉಕ್ಕಿದರೂ, ಬೀಗದ ಕೈ ಕಾಣದಿದ್ದರೂ ಮಾತು ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಇವತ್ತೂ ಬಂದು ನಿಂತಿತು.

"ಹಾಕ್ಕೊಳ್ಳಿ ಹಾಕ್ಕೊಳ್ಳಿ ಅಂತ ಬಾಯಿ ಬಡ್ಕೊಂಡೆ" ಎಂದಳು ಹೆಂಡತಿ. "ಕೇಳಿದ್ರಾ? ನಿಮ್ಮ ಸೋಮಾರಿತನಕ್ಕೆ ಈಗ ಮಗೂಗೆ ದವಡೆ ಕೊಯ್ಸೋ ಗತಿ."

"ನಾನೇನು ಬೇಕಂತ ಕಳ್ಕೊಂಡ್ನಾ?"

"ಬೇಡ ಅಂತಾನೂ ಕಳ್ಕೊಳ್ಲಿಲ್ವಲ್ಲ."

ಹದಿನಾಲ್ಕರ ಮಗಳು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಸಿಕ್ತಪ್ಪನಿಗೆ ಆಸ್ತಿ ಅಂತ ಕೊಡಲು ಇದ್ದದ್ದು ದವಡೆಯೊಂದೇ, ಅದನ್ನು ಅವಳಿಗೆ ಪೂರ್ತಿಯಾಗಿ ಕೊಟ್ಟುಬಿಟ್ಟಿದ್ದ. ನಗು ಬಂದರೆ ಅವಳ ಕೈ ತಾನಾಗಿಯೇ ಬಾಯಿಗೆ ಹೋಗುತ್ತಿತ್ತು. ಶಾಲೆಯ ಗುಂಪು ಫೋಟೋದಲ್ಲಿ ಎತ್ತರದ ಹುಡುಗಿಯೊಬ್ಬಳ ಹಿಂದೆ ಅರ್ಧ ಮುಖ ಮಾತ್ರ ಕಾಣುವ ಹಾಗೆ ನಿಂತಿದ್ದಳು. ಬೇರೆ ಡಾಕ್ಟರುಗಳು ಹದಿನೆಂಟು ತುಂಬಲಿ, ಮೂಳೆ ಬೆಳೆದು ಮುಗಿಯಲಿ, ಆಮೇಲೆ ಕೊಯ್ಯೋಣ ಎಂದಿದ್ದರು. ತಂತಿ ಡಾಕ್ಟರಿಗೆ ವಯಸ್ಸಾಗಿತ್ತು, ಹೊಸ ಕೇಸು ಹಿಡಿಯುವುದನ್ನೇ ನಿಲ್ಲಿಸಿದ್ದರು. ಇವಳ ದವಡೆ ನೋಡಿ ಮಾತ್ರ, "ಮೂಳೆ ಅಪ್ಪಂದೇ. ಅಪ್ಪಂದು ನಿಂತಿದ್ರೆ ಇವಳ್ದೂ ನಿಲ್ಲುತ್ತೆ. ನೋಡೋಣ" ಎಂದಿದ್ದರು.

"ಅಪ್ಪ," ಎಂದಳು ಮಗಳು, "ಕೊಯ್ಯೋದು ಬೇಡ ಅಂತ ಹೇಳಪ್ಪ."

"ಇಲ್ಲಮ್ಮ, ಕೊಯ್ಯೋಕೆ ಬಿಡ್ತೀನಾ" ಎಂದು ಹೇಳಿ, ಸಿಕ್ತಪ್ಪ ತಿಂಡಿಯನ್ನೂ ತಿನ್ನದೆ ಹೊರಟ.

ಬಸ್ ನಿಲ್ದಾಣದಲ್ಲಿ ಗುಟ್ಟು ಉಳಿಯುವುದಿಲ್ಲ. ಅದರಲ್ಲೂ ಮೈಕಕ್ಕನ ಕೋಣೆ ಪಕ್ಕದಲ್ಲೇ ಇದ್ದರೆ ಕೇಳುವುದೇ ಬೇಡ. ಯಾವ ಬಸ್ಸು ಎಲ್ಲಿಗೆ ಎಂದು ಮೈಕಿನಲ್ಲಿ ಕೂಗುವುದು ಅವಳ ಕೆಲಸ, ಯಾರ ಮನೆಯಲ್ಲಿ ಏನು ಎಂದು ಮೈಕಿಲ್ಲದೆ ಕೂಗುವುದು ಹವ್ಯಾಸ. ಕಂಗೆಟ್ಟ ಮುಖ ಹೊತ್ತು ಬಂದ ಸಿಕ್ತಪ್ಪನನ್ನು ಕೂರಿಸಿ, ಎರಡು ಬಸ್ಸುಗಳ ನಡುವಿನ ಬಿಡುವಿನಲ್ಲಿ ಅವಳು ಇಡೀ ಕತೆ ಹೊರಗೆ ಎಳೆದಳು.

"ಇಷ್ಟಕ್ಕೆ ಯಾಕೆ ತಲೆ ಮೇಲೆ ಕೈ ಹೊತ್ಕೊಂಡಿದೀಯ?" ಎಂದಳು. "ರಿಟೇನರ್ ತಾನೆ? ನಿನ್ನ ಕಪಾಟಲ್ಲಿ ರಾಶಿ ಬಿದ್ದಿದೆ."

ಅದು ನಿಜ. ಮನುಷ್ಯರು ಬಸ್ಸಿನಲ್ಲಿ ಏನೇನು ಮರೆಯುತ್ತಾರೆ ಎನ್ನುವುದಕ್ಕೆ ಲೆಕ್ಕವಿಲ್ಲ. ಕೆಳಗಿನ ಅರೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬದ ತುಂಬ ಬಾಯಿಗೆ ಸೇರಿದ ಸಾಮಾನುಗಳೇ ಇದ್ದವು. ಎರಡು ಹಲ್ಲಿನ ಸೆಟ್ಟು, ಒಂದು ಒಂಟಿ ಚಿನ್ನದ ಹಲ್ಲು, ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಬಣ್ಣಬಣ್ಣದ ರಿಟೇನರುಗಳು.

"ಬೇರೆಯವ್ರದ್ದು ಅಕ್ಕ ಅದು."

"ಬಾಯಿ ಯಾರದ್ದಾದ್ರೇನು, ಹಲ್ಲು ಒತ್ತೋ ಕೆಲ್ಸ ಒಂದೇ. ಬಿಸಿನೀರಲ್ಲಿ ಅದ್ದಿ ಹಾಕ್ಕೋ. ಮಧ್ಯಾಹ್ನದವರೆಗೆ ಒತ್ಕೊಂಡಿದ್ರೆ ಅದು ತಾನಾಗೇ ಸಾಲಿಗೆ ಬರುತ್ತೆ."

ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ. ಸಿಕ್ತಪ್ಪ ಇದ್ದುದರಲ್ಲಿ ದೊಡ್ಡದೊಂದನ್ನು ಆರಿಸಿದ. ನೀಲಿ ಬಣ್ಣದ್ದು, ನಡುವೆ ಬಿಳಿಯ ನಕ್ಷತ್ರ. ಚಹಾದ ಅಂಗಡಿಯ ಕುದಿಯುವ ನೀರಿನಲ್ಲಿ ಅದ್ದಿಸಿ, ಕಣ್ಣು ಮುಚ್ಚಿ ಬಾಯಿಗೆ ತುರುಕಿದ. ಹೋಗಲಿಲ್ಲ. ಮೈಕಕ್ಕ "ತಡಿ" ಎಂದು ಅಂಗೈಯಿಂದ ಒಂದು ಒತ್ತು ಕೊಟ್ಟಳು. ಕಟಕ್ ಎಂದು ಕೂತಿತು. ಸಿಕ್ತಪ್ಪನ ಕಣ್ಣಲ್ಲಿ ನೀರು ಬಂತು.

"ಕೂತ್ಕೊಳ್ತು ನೋಡು" ಎಂದು ಮೈಕಕ್ಕ ಮುಂದಿನ ಬಸ್ಸು ಕೂಗಲು ಹೋದಳು.

ಆ ಬೆಳಗಿನ ಹೊತ್ತು ಕೌಂಟರಿನಲ್ಲಿ ಎಂದೂ ಇಲ್ಲದ ಶಾಂತಿ. ಬಾಯಿ ಬಿಡಲಾಗದ ಸಿಕ್ತಪ್ಪ ಯಾರು ಏನು ಕೇಳಿದರೂ ತಲೆಯಾಡಿಸಿ ಹುಡುಕಿ ಕೊಡುತ್ತಿದ್ದ. ಚೀಲ ಕಳೆದುಕೊಂಡ ಒಬ್ಬ ಮುದುಕ ಬಾಯಿಗೆ ಬಂದ ಹಾಗೆ ಬೈದು, ಎದುರು ಮಾತು ಬಾರದ್ದು ನೋಡಿ ನಾಚಿ, "ಕ್ಷಮಿಸಪ್ಪ, ನಿನ್ನಂಥ ತಾಳ್ಮೆ ನಾ ಕಂಡಿಲ್ಲ" ಎಂದು ಕೈ ಮುಗಿದು ಹೋದ. ಸಿಕ್ತಪ್ಪನ ಮೇಲ್ದವಡೆ ಒಳಗೊಳಗೇ ಉರಿಯುತ್ತಿತ್ತು.

ಆಮೇಲೆ ಒಬ್ಬ ಹೆಂಗಸು ಬಂದಳು.

"ಸರ್, ನನ್ನ ಮಗನದ್ದು ಹಲ್ಲಿನ ಕ್ಲಿಪ್ಪು ಬಸ್ಸಲ್ಲಿ ಬಿದ್ಹೋಗಿದೆ. ನೀಲಿ ಬಣ್ಣ. ನಡುವೆ ಒಂದು ಬಿಳಿ ನಕ್ಷತ್ರ ಇದೆ."

ಸಿಕ್ತಪ್ಪ ಅವಳನ್ನು ನೋಡಿದ. ಆಮೇಲೆ ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದ.

"ಇದೆಯಾ ಸರ್?"

ಅವನು ಬೆರಳೆತ್ತಿ, ಸ್ವಲ್ಪ ಇರಿ ಎಂದು ಸನ್ನೆ ಮಾಡಿ ಕಪಾಟುಗಳ ಹಿಂದಕ್ಕೆ ಹೋದ. ಎರಡು ಬೆರಳು ಹಾಕಿ ಎಳೆದ. ಬರಲಿಲ್ಲ. ಹೊರಗಿಂದ ಹೆಂಗಸು, "ನಿಧಾನವಾಗಿ ಹುಡುಕಿ ಸರ್, ಅವಸರ ಇಲ್ಲ" ಎಂದಳು. ಯಾರೋ ಮರೆತುಹೋದ ಕೊಡೆಯ ಕೊಕ್ಕೆಯ ಹಿಡಿಯನ್ನು ಒಳಗೆ ತೂರಿಸಿ, ಗೋಡೆಗೆ ಕಾಲು ಕೊಟ್ಟು ಜಗ್ಗಿದ. ರಿಟೇನರ್ ಚಿಮ್ಮಿ ಎದುರಿನ ಸೂಟ್‌ಕೇಸುಗಳ ಮೇಲೆ ಬಿತ್ತು.

"ಸಿಕ್ತಪ್ಪಾ" ಎಂದ, ಈ ಸಲ ಮನಸ್ಸು ತುಂಬಿ. ತೊಳೆದು ತಂದು ಕೊಟ್ಟ.

"ಒದ್ದೆ ಇದೆಯಲ್ಲ ಸರ್?"

"ಇಲ್ಲಿ ದಿನಾ ತೊಳೆದಿಡ್ತೀವಮ್ಮ."

"ಬೆಚ್ಚಗೂ ಇದೆ."

"ಬಿಸಿನೀರಲ್ಲೇ ತೊಳೆಯೋದು."

ಹೆಂಗಸು ಸಾರಿಗೆಯವರಲ್ಲಿ ಇಷ್ಟು ಶುಚಿ ಇದೆ ಅಂತ ತನಗೆ ಗೊತ್ತೇ ಇರಲಿಲ್ಲ ಎಂದು ಹೊಗಳುತ್ತ ಹೋದಳು. ಸಿಕ್ತಪ್ಪ ಕನ್ನಡಿಗೆ ಓಡಿದ. ಹಲ್ಲು ಇದ್ದಲ್ಲೇ ಇತ್ತು. ವಸಡು ಮಾತ್ರ ಬಾತುಕೊಂಡಿತ್ತು.

ಅಷ್ಟರಲ್ಲಿ ಪಾರ್ಸೆಲ್ ವಿಭಾಗದ ಓಪನರ್ ಬಂದ. ಸೋಡಾ ಬಾಟಲಿಯ ಮುಚ್ಚಳವನ್ನು ಹಲ್ಲಿನಲ್ಲೇ ಕಚ್ಚಿ ತೆಗೆಯುವ ಇವನಿಗೆ ಆ ಹೆಸರು ಬಂದು ಎಷ್ಟೋ ವರ್ಷವಾಗಿತ್ತು. ಡಾಕ್ಟರನ್ನೇ ಕಾಣದ ಬಾಯಿ, ಹಲ್ಲು ಮಾತ್ರ ಮುತ್ತು ಪೋಣಿಸಿದ ಹಾಗೆ. ಅವನು ಅರ್ಧ ಕತೆಯನ್ನು ಮೈಕಕ್ಕನಿಂದ, ಉಳಿದರ್ಧವನ್ನು ಚಹಾದ ಅಂಗಡಿಯವನಿಂದ ಕೇಳಿಕೊಂಡು ಬಂದಿದ್ದ.

"ಅಣ್ಣ, ಅಲ್ಲಿ ಮುಖ ನೋಡ್ತಾರಾ?"

"ಇಲ್ಲ. ಫೋನಲ್ಲೇ ಹೇಳಿದ್ರು, ಕೇಸು ಯಾರದ್ದು ಅಂತ ಗೊತ್ತಾಗಬಾರ್ದಂತೆ. ತೂತಿರೋ ಬಟ್ಟೆ ಮುಚ್ಚಿ ಬಾಯಿ ಮಾತ್ರ ತೋರಿಸ್ತಾರೆ."

"ನಿಮ್ಮ ಡಾಕ್ಟ್ರು ನಿಮ್ಮನ್ನ ನೋಡಿ ಎಷ್ಟು ದಿನ ಆಯ್ತು?"

"ಮಗಳ್ನ ತೋರ್ಸೋಕೆ ಹೆಂಡ್ತೀನೇ ಕರ್ಕೊಂಡು ಹೋಗಿದ್ದು. ನಾನು ಹತ್ತು ವರ್ಷದಿಂದ ಆ ಬೀದಿಗೇ ಹೋಗಿಲ್ಲ."

ಓಪನರ್ ನಕ್ಕ. ಅವನು ನಕ್ಕರೆ ಕೋಣೆಗೆ ಒಂದು ದೀಪ ಹಾಕಿದಷ್ಟು ಬೆಳಕು. "ಹಂಗಾದ್ರೆ ಇನ್ನೇನು? ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು. ನಾನು ಮಲಗ್ತೀನಿ, ನೀವು ಹಿಂದೆ ಕೂತು ನೋಡಿ."

ಸಿಕ್ತಪ್ಪನಿಗೆ ಇದು ಸರಿಯಲ್ಲ ಎಂದು ಗೊತ್ತಿತ್ತು. ಮೋಸದ ಬಾಯಿ ತೋರಿಸಿ ಮಗಳಿಗೆ ಚಿಕಿತ್ಸೆ ಕೊಡಿಸಿದರೆ ನಾಳೆ ಅವಳ ಹಲ್ಲೂ ಹೀಗೇ ವಾಪಸ್ ಓಡಿದರೆ ಏನು ಗತಿ ಎಂದೂ ಅನಿಸಿತು. ಆದರೆ ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಮುಖ ನೆನಪಾಯಿತು. ಅವಳಿಗೆ ರಿಟೇನರನ್ನು ನಾನೇ ನಿಂತು ಹಾಕಿಸುತ್ತೇನೆ, ಸರಪಳಿ ಹಾಕಿ ಕಟ್ಟಿದರೂ ಸರಿ, ಮೊದಲು ಗರಗಸದಿಂದ ಪಾರಾಗಲಿ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡ.

ಸಭೆಯ ಕಟ್ಟಡದಲ್ಲಿ ತಣ್ಣಗೆ ಎಸಿ ಓಡುತ್ತಿತ್ತು. ವೇದಿಕೆಯ ಮೇಲೆ ಹಲ್ಲಿನ ಡಾಕ್ಟರ ಕುರ್ಚಿ, ಅದರ ಹಿಂದೆ ಗೋಡೆಯಗಲದ ಪರದೆ, ಪಕ್ಕದ ಮೇಜಿನ ಮೇಲೆ ಬಿಳಿಯ ಪ್ಲಾಸ್ಟರಿನ ಎರಡು ಅಚ್ಚು. ಸಿಕ್ತಪ್ಪನ ಹಲ್ಲಿನ ಸಾಲನ್ನು ಅಚ್ಚೊತ್ತಿ ತೆಗೆದವು, ಒಂದು ಚಿಕಿತ್ಸೆಗೆ ಮೊದಲಿನದು, ಇನ್ನೊಂದು ತಂತಿ ಬಿಚ್ಚಿದ ದಿನದ್ದು. ಕ್ಲಿನಿಕ್ಕಿನ ಹುಡುಗಿ ಬಾಗಿಲಲ್ಲಿ ಹೆಸರು ಕೂಗಿದಾಗ ಓಪನರ್ "ನಾನೇ" ಎಂದು ಮುಂದೆ ಹೋದ. ಸಿಕ್ತಪ್ಪ ರೋಗಿಯ ಕಡೆಯವನು ಎಂದು ಹೇಳಿಕೊಂಡು ಕೊನೆಯ ಸಾಲಿನಲ್ಲಿ ಕೂತ.

ಓಪನರನ್ನು ಮಲಗಿಸಿ, ಮುಖಕ್ಕೆ ಹಸಿರು ಬಟ್ಟೆ ಹೊದಿಸಿ, ತುಟಿಗಳನ್ನು ಅಗಲಿಸಿ ಹಿಡಿಯುವ ಪ್ಲಾಸ್ಟಿಕ್ ಕೊಂಡಿ ಸಿಕ್ಕಿಸಿದರು. ಮುಂದಿನ ಸಾಲಿನಲ್ಲಿ ಹೊರಗಿನಿಂದ ಬಂದ ದೊಡ್ಡ ಡಾಕ್ಟರಮ್ಮ ಕೂತಿದ್ದರು. ಇಂಥ ದವಡೆಗಳನ್ನು ಕೊಯ್ಯದೆ ಸರಿಮಾಡಲಾಗದು ಎನ್ನುವ ಪಂಗಡದ ಹಿರಿಯರು. ತಂತಿ ಡಾಕ್ಟರು ಖಾಸಗಿಯಾಗಿ ಅವರನ್ನು ಗರಗಸದಮ್ಮ ಎನ್ನುತ್ತಿದ್ದರು. ಇವತ್ತಿನ ಭಾಷಣ ಸಭೆಗೆಲ್ಲ ಎಂದು ಹೆಸರು, ನಿಜಕ್ಕೂ ಅವರೊಬ್ಬರಿಗೇ.

"ಈ ದವಡೆ ನೋಡಿ ಎಲ್ಲರೂ ಕೊಯ್ಯಿ ಅಂದ್ರು" ಎಂದು ತಂತಿ ಡಾಕ್ಟರು ಶುರುಮಾಡಿದರು. "ನಾನು ಕೊಯ್ಲಿಲ್ಲ. ಹಲ್ಲು ಕಿತ್ತು ಜಾಗ ಮಾಡಿ ತಂತಿ ಹಾಕ್ದೆ. ತಂತಿ ಬಿಚ್ಚಿ ಆರು ತಿಂಗಳಿಗೆ ಹಲ್ಲು ವಾಪಸ್ ಹೋಗುತ್ತೆ, ಬರೆದಿಟ್ಕೊಳ್ಳಿ ಅಂದ್ರು. ಬರೆದಿಟ್ಕೊಂಡಿದೀನಿ. ಈಗ ನೋಡೋಣ." ಕುರ್ಚಿಯ ದೀಪ ಹಾಕಿದರು.

ಪರದೆಯ ಮೇಲೆ ಓಪನರನ ಹಲ್ಲು ಬೆಳಗಿತು. ಸಭೆ ಹಾ ಎಂದಿತು. ತಮ್ಮ ಕೆಲಸ ಇಷ್ಟು ಚೆನ್ನಾಗಿತ್ತೆಂದು ತಂತಿ ಡಾಕ್ಟರಿಗೂ ನೆನಪಿದ್ದ ಹಾಗಿರಲಿಲ್ಲ. ಹೊಗಳಿಕೆ ಬೇಡ ಎನ್ನುವವರು ಲೋಕದಲ್ಲಿ ಕಡಿಮೆ, ಅವರು ಚಪ್ಪಾಳೆಯನ್ನು ಸ್ವೀಕರಿಸಿದರು. ಕೊನೆಯ ಸಾಲಿನಲ್ಲಿ ಸಿಕ್ತಪ್ಪ ಉಸಿರು ಬಿಟ್ಟ.

"ನಾನೊಂದು ಸಲ ನೋಡಬಹುದಾ?" ಗರಗಸದಮ್ಮ ಎದ್ದು, ಪರ್ಸಿನಿಂದ ಪುಟ್ಟ ಕನ್ನಡಿಯ ಕಡ್ಡಿ ತೆಗೆದು ವೇದಿಕೆ ಹತ್ತಿದರು.

"ಧಾರಾಳವಾಗಿ" ಎಂದರು ತಂತಿ ಡಾಕ್ಟರು.

ಅವರು ಬಾಯೊಳಗೆ ನೋಡಿದರು. ಮೇಜಿನ ಮೇಲಿನ ಅಚ್ಚು ನೋಡಿದರು. ಮತ್ತೆ ಬಾಯಿ ನೋಡಿದರು. ಅವರ ತುಟಿ ಮೆಲ್ಲಗೆ ಅಲುಗುತ್ತಿತ್ತು, ಎಣಿಸುತ್ತಿದ್ದರು. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಅನ್ನುತ್ತಾರೆ, ಆದರೆ ಅವರ ಕಸುಬೇ ಅದು.

"ಡಾಕ್ಟ್ರೇ, ಈ ಕೇಸಿಗೆ ನೀವು ಹಲ್ಲು ಕಿತ್ತಿದ್ರಿ ಅಂದ್ರಲ್ಲ?"

"ಹೌದು, ನಾಲ್ಕು. ಅಚ್ಚಿನಲ್ಲೇ ಕಾಣುತ್ತೆ."

"ಅಚ್ಚಿನಲ್ಲಿ ಕಾಣುತ್ತೆ. ಬಾಯಲ್ಲಿ ಕಾಣ್ತಿಲ್ಲ. ನಾಲ್ಕೂ ವಾಪಸ್ ಬಂದಿವೆ."

ಒಬ್ಬರು ನಕ್ಕರು. ಆಮೇಲೆ ನಗು ಸಾಲಿನಿಂದ ಸಾಲಿಗೆ ಹರಡಿತು. ತಂತಿ ಡಾಕ್ಟರು ಬಗ್ಗಿ ನೋಡಿದರು, ತಾವೂ ಎಣಿಸಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಎಣಿಸಿದರು. "ಹಲ್ಲು ಓಡಿಹೋಗುತ್ತೆ ಅಂತ ಓದಿದ್ದೆ, ಹೊಸದಾಗಿ ಹುಟ್ಟುತ್ತೆ ಅಂತ ಓದಿರ್ಲಿಲ್ಲ" ಎಂದು ಯಾರೋ ನಡುವಿನ ಸಾಲಿನಿಂದ ಎಂದರು. "ಬಾಡಿಗೆ ಬಾಯಿ" ಎಂದರು ಇನ್ನೊಬ್ಬರು. ಗರಗಸದಮ್ಮ ನಗಲಿಲ್ಲ. "ಇಷ್ಟು ವರ್ಷದ ಹೆಸರು ನಿಮ್ಮದು. ಹೀಗೆ ಮಾಡಬಾರದಿತ್ತು" ಎಂದು ಮೆಲ್ಲಗೆ ಹೇಳಿದರು. ಅದು ನಗುವಿಗಿಂತ ಹೆಚ್ಚು ಕೇಳಿಸಿತು.

ತಂತಿ ಡಾಕ್ಟರ ಮುಖ ಬಿಳುಚಿತ್ತು. ಕುರ್ಚಿಯ ಕೈ ಹಿಡಿದು ನಿಂತಿದ್ದರು. ಬಟ್ಟೆಯ ಕೆಳಗೆ ಓಪನರ್ ಎದ್ದು ಓಡಲೂ ಆಗದೆ, ಬಾಯಿ ಮುಚ್ಚಲೂ ಆಗದೆ ಕಾಲು ಆಡಿಸುತ್ತಿದ್ದ.

ಸಿಕ್ತಪ್ಪ ಶೂರನಲ್ಲ. ಹೊರಗೆ ಹೋಗುವ ಬಾಗಿಲು ಅವನ ಬೆನ್ನ ಹಿಂದೆಯೇ ಇತ್ತು, ಅದರ ಕಡೆ ಒಂದು ಸಲ ನೋಡಿಯೂ ನೋಡಿದ. ಆದರೆ ವರ್ಷಗಟ್ಟಲೆ ತನ್ನ ಬಾಯಿಯ ಮೇಲೆ ಬಗ್ಗಿ ಬೆನ್ನು ಬಾಗಿಸಿಕೊಂಡ ಮನುಷ್ಯ ತನ್ನಿಂದಾಗಿ ಕಳ್ಳನ ಹಾಗೆ ನಿಂತಿದ್ದಾರೆ ಎನ್ನುವುದನ್ನು ಅವನಿಗೆ ತಡೆಯಲಾಗಲಿಲ್ಲ. ಮಗಳ ವಿಷಯ ಹೇಗೂ ಹೋಯಿತು, ಇವರ ಮಾನವಾದರೂ ಉಳಿಯಲಿ ಎಂದುಕೊಂಡು ಎದ್ದ.

"ಸರ್, ಅದು ನಾನಲ್ಲ. ನಾನು ಇಲ್ಲಿದೀನಿ."

ಸಭೆ ತಿರುಗಿ ನೋಡಿತು.

"ಡಾಕ್ಟ್ರಿಗೆ ಏನೂ ಗೊತ್ತಿಲ್ಲ. ಅಲ್ಲಿ ಮಲಗಿರೋರು ನಮ್ಮ ಆಫೀಸಿನವ್ರು. ನನ್ನ ಹಲ್ಲು ಓರೆ ಆಗಿದೆ. ಡಾಕ್ಟ್ರು ಸರಿಯಾಗೇ ಮಾಡಿದ್ರು, ನಾನೇ ರಿಟೇನರ್ ಕಳ್ಕೊಂಡೆ. ಒಂದು ವಾರಾನೂ ಹಾಕ್ಕೊಳ್ಲಿಲ್ಲ. ಬೈತಾರೆ ಅಂತ ಹೇಳ್ಲಿಲ್ಲ. ತಪ್ಪು ನಂದು." ಹೇಳುತ್ತಲೇ ವೇದಿಕೆಯ ಕಡೆ ನಡೆದ.

ಓಪನರನ್ನು ಇಳಿಸಿ ಸಿಕ್ತಪ್ಪನನ್ನು ಕೂರಿಸಿದರು. ಅವನಿಗೆ ಬಟ್ಟೆ ಹೊದಿಸುವ ಗೋಜಿಗೆ ಯಾರೂ ಹೋಗಲಿಲ್ಲ, ಗುಟ್ಟು ಇನ್ನೇನು ಉಳಿದಿತ್ತು? ಬೇರೆ ಕೊಂಡಿ ತಂದು ತುಟಿಗೆ ಸಿಕ್ಕಿಸಿದರು. ಪರದೆಯ ಮೇಲೆ ಆ ಓರೆ ಹಲ್ಲು ಬಾಗಿಲಿನಷ್ಟು ದೊಡ್ಡದಾಗಿ ಕಂಡಿತು. ಕೀಳಿಸಿದ ಕಡೆ ಹಲ್ಲು ಇರಲಿಲ್ಲ, ಜಾಗ ಮುಚ್ಚಿತ್ತು. ದವಡೆಗಳು ಒಂದರ ಮೇಲೊಂದು ಸರಿಯಾಗಿ ಕೂತಿದ್ದವು.

ತಂತಿ ಡಾಕ್ಟರು ಆ ಹಲ್ಲನ್ನು ದುಃಖದಿಂದ ನೋಡಿದರು. "ವಾಪಸ್ ಓಡಿದೆ" ಎಂದರು. "ರಿಟೇನರ್ ಇಲ್ದೆ ಇನ್ನೇನಾಗುತ್ತೆ."

"ತಡೀರಿ" ಎಂದರು ಗರಗಸದಮ್ಮ. ತಂತಿ ಬಿಚ್ಚಿದ ದಿನದ ಅಚ್ಚನ್ನು ಎತ್ತಿಕೊಂಡು, ಅಳತೆಯ ಮುಳ್ಳಿನಿಂದ ಅಚ್ಚಿನಲ್ಲಿ ಅಳೆದರು, ಬಾಯಲ್ಲಿ ಅಳೆದರು. ಬಲಗಡೆ, ಎಡಗಡೆ, ಅಡ್ಡ, ಉದ್ದ. ಸಿಕ್ತಪ್ಪ ತೀರ್ಪು ಕೇಳುವ ಕೈದಿಯ ಹಾಗೆ ಮಲಗಿದ್ದ.

"ಇದು ಓಡಿಲ್ಲ" ಎಂದರು ಕೊನೆಗೆ.

"ಏನು?"

"ಯಾವ ಹಲ್ಲೂ ಕದಲಿಲ್ಲ. ಕೂದಲೆಳೆಯಷ್ಟೂ ಇಲ್ಲ. ಅಚ್ಚು ನೋಡಿ. ತಂತಿ ಬಿಚ್ಚಿದ ದಿನವೇ ಈ ಹಲ್ಲು ಇಷ್ಟೇ ಓರೆ ಇತ್ತು. ನೀವು ದವಡೆ ನೋಡೋ ಭರದಲ್ಲಿ ಇದನ್ನ ಬಿಟ್ಟಿದೀರಿ."

ಇಷ್ಟು ವರ್ಷ ಹಾಲು ಉಕ್ಕಿದಾಗಲೆಲ್ಲ ಬೈಸಿಕೊಂಡದ್ದು, ಕನ್ನಡಿ ಕಂಡರೆ ತಲೆ ತಗ್ಗಿಸಿದ್ದು, ಡಾಕ್ಟರ ಬೀದಿ ತಪ್ಪಿಸಿ ಸುತ್ತು ಹಾಕಿ ಮನೆಗೆ ಹೋದದ್ದು, ಎಲ್ಲ ಮಾಡದ ತಪ್ಪಿಗೆ. ಸಿಕ್ತಪ್ಪನಿಗೆ ಮೊದಲು ಸಂತೋಷವಾಯಿತು, ಬೆನ್ನ ಹಿಂದೆಯೇ ಸಿಟ್ಟು ಬಂತು.

ತಂತಿ ಡಾಕ್ಟರಿಗೆ ಮಾತ್ರ ಮೊದಲ ವಾಕ್ಯದ ಆಚೆ ಏನೂ ಕೇಳಿಸಿರಲಿಲ್ಲ. "ಕದಲಿಲ್ಲ" ಎಂದರು. ಮುಖಕ್ಕೆ ರಕ್ತ ವಾಪಸ್ ಬಂದಿತ್ತು. ಸಭೆಗೆ ತಿರುಗಿ, "ಕೇಳಿದ್ರಾ? ರಿಟೇನರ್ ಒಂದು ವಾರಾನೂ ಹಾಕಿಲ್ಲ. ಆದ್ರೂ ಹತ್ತು ವರ್ಷ ಕದಲಿಲ್ಲ. ಅಳೆದವರು ಯಾರು? ನಾನಲ್ಲ, ಇವ್ರು."

"ಓರೆಯಾಗಿ ನಿಂತಿದೆ" ಎಂದರು ಗರಗಸದಮ್ಮ.

"ನಿಂತಿದೆಯಲ್ಲ" ಎಂದರು ತಂತಿ ಡಾಕ್ಟರು.

ಗರಗಸದಮ್ಮ ಕನ್ನಡಿಯ ಕಡ್ಡಿಯನ್ನು ಪರ್ಸಿಗೆ ಹಾಕಿಕೊಂಡರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಈಗಷ್ಟೇ ನಕ್ಕವರೇ ಹೆಚ್ಚು ಜೋರಾಗಿ ತಟ್ಟಿದರು. ಯುವ ಡಾಕ್ಟರುಗಳು ಸಾಲುಗಟ್ಟಿ ಬಂದು ಸಿಕ್ತಪ್ಪನ ಓರೆ ಹಲ್ಲನ್ನು ಬೆರಳಿನಿಂದ ಅಲುಗಿಸಿ ನೋಡಿ, ಅಲುಗದ್ದಕ್ಕೆ ತಲೆದೂಗಿ ಹೋದರು.

ತಂತಿ ಡಾಕ್ಟರು ಅವನ ಮೇಲೆ ಬಗ್ಗಿದರು. ಕಣ್ಣು ಒದ್ದೆಯಾಗಿತ್ತು. "ನೀವು ಎದ್ದು ನಿಲ್ದೇ ಇದ್ದಿದ್ರೆ ನನ್ನ ಮಾನ ಹೋಗ್ತಿತ್ತು. ಈ ಉಪಕಾರ ಮರೆಯೋದಿಲ್ಲ. ನಾಳೆ ಬೆಳಿಗ್ಗೇನೇ ಮಗಳನ್ನ ಕರ್ಕೊಂಡು ಬನ್ನಿ. ಬೇರೆ ಯಾರ ಕೈಗೂ ಕೊಡಲ್ಲ, ನಾನೇ ಮಾಡ್ತೀನಿ. ನಿಮಗೆ ಹೇಗೆ ಮಾಡಿದ್ನೋ ಹಾಗೇ. ಕೊಯ್ಯೋದಿಲ್ಲ. ಒಂದು ಸಲ ನಾನು ನಿಲ್ಲಿಸಿದ್ರೆ ಈ ಜನ್ಮದಲ್ಲಿ ಕದಲೋ ಮಾತಿಲ್ಲ. ಅದನ್ನ ನೀವೇ ನೋಡಿದ್ರಲ್ಲ."

ಸಿಕ್ತಪ್ಪ ನೋಡಿದ್ದ, ಓರೆಯಾಗಿ ನಿಲ್ಲಿಸಿದ್ದೂ ಕದಲುವುದಿಲ್ಲ. ಅದೇ ಅವನ ಕಷ್ಟ. ಹೇಗಾದರೂ ಈ ಮಾತನ್ನು ಇಲ್ಲೇ ತಡೆಯಬೇಕೆಂದು ಅವನು ಕುರ್ಚಿಯಲ್ಲಿ ಅರ್ಧ ಎದ್ದ.

ವೇದಿಕೆಯ ಅಂಚಿನಲ್ಲಿ ಓಪನರ್ ಸಿಕ್ತಪ್ಪನ ಫೋನು ಹಿಡಿದು ನಿಂತಿದ್ದ. "ಅತ್ತಿಗೆ, ಸೀಟು ಸಿಕ್ತು" ಎನ್ನುತ್ತಿದ್ದ. "ಕೊಯ್ಯೋದಿಲ್ವಂತೆ. ಡಾಕ್ಟ್ರೇ ಖುದ್ದು ಮಾಡ್ತಾರಂತೆ. ಅಣ್ಣಂಗೆ ಮಾಡಿದ ಹಾಗೇ. ಪಾಪುಗೆ ಕೊಡಿ, ನಾನೇ ಹೇಳ್ತೀನಿ." ಫೋನಿನ ಆ ಕಡೆಯಿಂದ ಹುಡುಗಿ ನಗುವುದು ವೇದಿಕೆಯವರೆಗೂ ಕೇಳಿಸಿತು. ಮನೆಯಲ್ಲಿ ಅವಳು ಅಷ್ಟು ಬಾಯ್ತುಂಬ ನಕ್ಕದ್ದನ್ನು ಸಿಕ್ತಪ್ಪ ಕೇಳಿರಲಿಲ್ಲ.

ಬೇಡ ಎಂದು ಹೇಳಬೇಕಾದರೆ ತುಟಿ ಎರಡೂ ಸೇರಬೇಕು. ಕೊಂಡಿಯನ್ನು ಯಾರೂ ತೆಗೆದಿರಲಿಲ್ಲ. ಅವನು ಏನೋ ಹೇಳಲು ಹೋದ, ಆ ಆ ಎಂದಷ್ಟೇ ಹೊರಟಿತು. ಡಾಕ್ಟರು ಅವನ ಭುಜ ತಟ್ಟಿ, "ಇರ್ಲಿ ಬಿಡಿ, ನಮ್ಮ ನಮ್ಮಲ್ಲಿ ಥ್ಯಾಂಕ್ಸ್ ಯಾಕೆ" ಎಂದರು.

ಸಭೆಯ ಫೋಟೋ ತೆಗೆಯುವವನು ಮುಂದೆ ಬಂದು ಕ್ಯಾಮೆರಾ ಎತ್ತಿದ. "ಸರ್, ನಗು ಚೆನ್ನಾಗಿದೆ" ಎಂದ. "ಹಾಗೇ ಇರಿ."